ಚೀಸು ಬಡಿದ ಫಿಯೆಟ್

ಈಸ್ಟರ್ ಹಬ್ಬದ ಮರುದಿನ, ಸೋಮವಾರ, ನಮ್ಮ ಬೆಟ್ಟದೂರು ಕೊಲ್ಲೆಬ್ರೂನೊದಲ್ಲಿ ಚೀಸ್ ಉರುಳಿಸುವ ಪಂದ್ಯ. ಕುರಿಹಾಲಿನ ಚೀಸನ್ನು ಗಾಲಿಯಾಕಾರದಲ್ಲಿ ಅಚ್ಚು ಹಾಕಿ, ಕಲ್ಲಿನಂತಾಗುವ ತನಕ ಒಣಗಿಸಿ, ಸುತ್ತಲೂ ಪಟ್ಟಿ ಬಿಗಿದು, ಬುಗುರಿಗೆ ಚಾಟಿ ಸುತ್ತಿ ಬಿಡುವ ಹಾಗೆ ಬೀಸಿ ಎಸೆಯಬೇಕು. ಕೋಟೆಗೋಡೆಯ ಸುತ್ತ ಇರುವ ರಸ್ತೆಯೇ ಅಂಕಣ. ಯಾರು ಕಡಿಮೆ ಎಸೆತಗಳಲ್ಲಿ ಊರನ್ನು ಸುತ್ತು ಹಾಕಿ ಕೆಳಗಿನ ಕಾರಂಜಿ ಮುಟ್ಟಿಸುತ್ತಾರೋ ಅವರು ಗೆದ್ದಂತೆ. ಚೌಕದಲ್ಲಿ ಕಾಫಿ ಅಂಗಡಿ ಇಟ್ಟಿರುವ ನಾನು ಆ ದಿನ ಅಂಗಡಿ ಮುಚ್ಚಿ, ಚೀಸು ನಿಂತ ಕಡೆ ಸುಣ್ಣದ ಗೆರೆ ಎಳೆಯುತ್ತ ಓಡಾಡುತ್ತೇನೆ. ಹಾಗಾಗಿ ನಡೆದದ್ದನ್ನೆಲ್ಲ ಹತ್ತಿರದಿಂದ ನೋಡಿದವನು ನಾನು.

ಪಂದ್ಯದ ಸಂಘಕ್ಕೆ ಡೆಲ್ಫೊ ರಾಸ್ಪಾಂತಿ ಅಧ್ಯಕ್ಷ. ಎಂದಿನಿಂದ ಅಂತ ಕೇಳಿದರೆ ಯಾರಿಗೂ ನೆನಪಿಲ್ಲ. ಎತ್ತರದ ಆಳು, ಪ್ರಾಯದಲ್ಲಿ ತಾನೂ ಚೀಸು ಎಸೆದವನು, ಹಬ್ಬವಿರಲಿ ಬಿಡಲಿ ಕತ್ತಿಗೆ ಟೈ, ಮಾತು ಅಳೆದು ತೂಗಿ. ಅವನಿಗೆ ಈ ಲೋಕದಲ್ಲಿ ಎರಡು ವಸ್ತುಗಳ ಮೇಲೆ ಅಕ್ಕರೆ: ಒಂದು ಸಂಘದ ನಿಯಮ, ಇನ್ನೊಂದು ಅಪ್ಪನಿಂದ ಬಂದ 'ಸಾವಿರದ ನೂರು' ಮಾದರಿಯ ಫಿಯೆಟ್ ಕಾರು. ಅವನಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ನಮ್ಮೂರಿನ ಅರ್ಧ ಜನ ಹುಟ್ಟುವ ಮೊದಲೇ, ತಾಯಿಯ ಹೊಟ್ಟೆಯಲ್ಲಿದ್ದುಕೊಂಡು, ಅದರಲ್ಲಿ ಆಸ್ಪತ್ರೆಗೆ ಹೋದವರು. ಪಾರಿವಾಳದ ರೆಕ್ಕೆಯಂಥ ಬೂದು ಬಣ್ಣ. ಆ ಬಣ್ಣ ಕಾರ್ಖಾನೆಯಲ್ಲಿ ಹಚ್ಚಿದ್ದೇ; ಆಮೇಲೆ ಒಂದು ಕುಂಚವೂ ಅದನ್ನು ಸೋಕಿಲ್ಲ. ಡೆಲ್ಫೊ ಅದನ್ನು ಹತ್ತಿಬಟ್ಟೆಯಲ್ಲಿ ಒರೆಸುವುದನ್ನು ನೋಡಿದರೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾನೇನೋ ಅನ್ನಿಸಬೇಕು.

ಸಂಘದ ನಿಯಮಗಳಲ್ಲಿ ಅವನು ಬಿಗಿಹಿಡಿದು ಕಾಪಾಡಿಕೊಂಡು ಬಂದದ್ದು ಒಂದಿತ್ತು. ಹೆಂಗಸರು ಚೀಸು ಎಸೆಯುವಂತಿಲ್ಲ. ಯಾಕೆ ಅಂದರೆ, ಮೊದಲಿಂದ ಹಾಗೇ. ಈ ವರ್ಷ ಆ ಗೋಡೆ ಉರುಳಿತು. ಉರುಳಿಸಿದವಳು ಅವನ ನಾದಿನಿ ಎರ್ಸಿಲಿಯಾ, ತೀರಿಕೊಂಡ ಹೆಂಡತಿ ಪಾಲ್ಮೀರಾಳ ತಂಗಿ. ನನ್ನ ಅಂಗಡಿಯ ಎದುರಿಗೇ ಅವಳ ಬ್ಯೂಟಿ ಪಾರ್ಲರ್. ಸಂಘದ ಸದಸ್ಯರ ಹೆಂಡತಿಯರೆಲ್ಲ ತಲೆಗೂದಲು ಸುರುಳಿ ಮಾಡಿಸಲು ಬರುವುದು ಅವಳ ಹತ್ತಿರವೇ. ಅವಳು ಅವರಿಗೆಲ್ಲ ಒಂದೊಂದು ಮಾತು ಹೇಳಿದಳು. ಅವರು ಮನೆಗೆ ಹೋಗಿ ಗಂಡಂದಿರಿಗೆ ಏನು ಹೇಳಿದರೋ, ಸಭೆಯಲ್ಲಿ ಕೈ ಎತ್ತಿಸಿದಾಗ ಡೆಲ್ಫೊನದು ಒಂದೇ ಕೈ ಕೆಳಗಿತ್ತು.

"ಭಾವಾ, ಬೇಜಾರ್ ಮಾಡ್ಕೋಬೇಡಿ," ಅಂದಳು ಎರ್ಸಿಲಿಯಾ. "ನಾನೇನ್ ಗೆಲ್ತೀನಾ? ಸುಮ್ನೆ ತೋಳಿಗೆ ಒಂಚೂರು ವ್ಯಾಯಾಮ."

"ಚೀಸು ಅಂದ್ರೆ ಬಾಚಣಿಗೆ ಅಲ್ಲ ಎರ್ಸಿಲಿಯಾ," ಅಂದ ಡೆಲ್ಫೊ.

ಸೋಮವಾರ ಬಂತು. ಕೊನೆಯ ತಿರುವಿನ ತನಕ ಎರ್ಸಿಲಿಯಾ ಎಲ್ಲರ ಜೊತೆ ಸರಿಸಮನಾಗಿ ಬಂದದ್ದು ನೋಡಿ ಗಂಡಸರು ನಗುವುದನ್ನು ನಿಲ್ಲಿಸಿದ್ದರು. ಅಲ್ಲಿಂದ ಕಾರಂಜಿಗೆ ಇಳಿಜಾರು. ಅವಳು ತೋಳು ಮಡಚಿ, ಉಸಿರು ಹಿಡಿದು, ಬೀಸಿ ಬಿಟ್ಟಳು. ಚೀಸು ತಿರುವಿನಲ್ಲಿ ತಿರುಗಬೇಕಿತ್ತು, ತಿರುಗಲಿಲ್ಲ. ಕಲ್ಲುಕಟ್ಟೆ ಹತ್ತಿ ಹಾರಿ, ಆಚೆ ಬದಿಯಲ್ಲಿ ಅಂಜೂರದ ಮರದ ನೆರಳಲ್ಲಿ ನಿಂತಿದ್ದ ಫಿಯೆಟ್ಟಿನ ಹಿಂಬಾಗಿಲಿಗೆ ಬಡಿಯಿತು. ಚರ್ಚಿನ ಗಂಟೆ ಒಡೆದರೆ ಅಂಥ ಶಬ್ದ ಬಂದೀತು. ಚೀಸು ಅಲ್ಲಿಗೇ ನಿಂತಿದ್ದರೆ ಬೇರೆ ಮಾತು. ಬಾಗಿಲಿಗೆ ಬಡಿದು ಚಿಮ್ಮಿ, ಮತ್ತೆ ರಸ್ತೆಗೆ ಬಂದು, ಏನೂ ಆಗದ ಹಾಗೆ ಇಳಿಜಾರಿನಲ್ಲಿ ಉರುಳಿ ಉರುಳಿ ಕಾರಂಜಿಯ ಕಟ್ಟೆಗೆ ತಾಗಿ ಮಲಗಿತು.

ಹೆಂಗಸರ ಕಡೆಯಿಂದ ಕೇಕೆ ಎದ್ದಿತು. ಬೇರೆ ಯಾರೂ ಅಷ್ಟು ಕಡಿಮೆ ಎಸೆತದಲ್ಲಿ ಕಾರಂಜಿ ಮುಟ್ಟಿರಲಿಲ್ಲ.

ಡೆಲ್ಫೊ ಕಾರಂಜಿಯ ಕಡೆ ನೋಡಲೇ ಇಲ್ಲ. ನೇರ ಕಾರಿನ ಹತ್ತಿರ ಹೋಗಿ ಮಂಡಿಯೂರಿ ಕೂತ. ಬಾಗಿಲಿನ ನಡುವೆ ಸೂಪಿನ ತಟ್ಟೆಯಷ್ಟು ಅಗಲ ನೆಗ್ಗು. ಬಣ್ಣ ಮಾತ್ರ ಒಂದು ಚೂರೂ ಎದ್ದಿರಲಿಲ್ಲ.

"ಭಾವಾ, ಕಾರಿಗೆ ಏನಾದ್ರೂ ಆಯ್ತಾ?" ಎರ್ಸಿಲಿಯಾ ಓಡಿ ಬಂದಳು.

"ಏನಾದ್ರೂ ಆಯ್ತಾ ಅಂತೆ! ಕಣ್ಣಿಲ್ವಾ? ಈ ಎಸೆತ ಲೆಕ್ಕಕ್ಕಿಲ್ಲ. ಕಾರಿಗೆ ಬಡಿದು ಚಿಮ್ಮಿದ್ದು."

"ಅಯ್ಯೋ ದೇವ್ರೇ. ಮರಕ್ಕೆ ಬಡಿದ್ರೆ ಲೆಕ್ಕ, ಗೋಡೆಗೆ ಬಡಿದ್ರೆ ಲೆಕ್ಕ, ಹೋದ ವರ್ಷ ಪಾದ್ರಿಗಳ ಕಾಲಿಗೆ ಬಡಿದಾಗ್ಲೂ ಲೆಕ್ಕಕ್ಕಿತ್ತು. ನಿಮ್ಮ ಕಾರಿಗೆ ಬಡಿದ್ರೆ ಮಾತ್ರ ಇಲ್ವಾ?"

"ಅಂಕಣದಲ್ಲಿ ಇರೋದಕ್ಕೆ ಬಡಿದ್ರೆ ಲೆಕ್ಕ."

"ಹಾಗಾದ್ರೆ ಕಾರು ಅಂಕಣದಲ್ಲಿ ಇತ್ತೋ ಇಲ್ವೋ? ಇಲ್ಲ ಅಂದ್ರೆ ನನ್ನ ಚೀಸು ಹೇಗೆ ಬಡೀತು? ಇತ್ತು ಅಂದ್ರೆ ಅಲ್ಲಿ ನಿಲ್ಲಿಸಿದ ಬುದ್ಧಿವಂತ ಯಾರು?"

ಅಂಕಣದ ಬದಿಯಲ್ಲಿ ಗಾಡಿ ನಿಲ್ಲಿಸಬಾರದು ಅಂತ ಪ್ರತಿವರ್ಷ ಚೌಕದಲ್ಲಿ ಕೂಗಿ ಹೇಳುವವನು ಡೆಲ್ಫೊನೇ. ಅವನ ಕಿವಿ ಕೆಂಪಾಯಿತು. "ಸಭೇಲಿ ತೀರ್ಮಾನ ಆಗ್ಲಿ," ಅಂದು ಕಾರು ಹತ್ತಿ ಹೊರಟುಹೋದ. ಅವತ್ತು ಹಬ್ಬದೂಟದ ಮೊಟ್ಟೆಯನ್ನೂ ತಿನ್ನಲಿಲ್ಲ, ಈಸ್ಟರ್ ರೊಟ್ಟಿಯನ್ನೂ ಮುಟ್ಟಲಿಲ್ಲ, ವೈನನ್ನಂತೂ ಮೂಸಿಯೂ ನೋಡಲಿಲ್ಲ.

ಅವನ ಸಂಕಟಕ್ಕೆ ಇನ್ನೊಂದು ಕಾರಣವಿತ್ತು. ಬರುವ ಭಾನುವಾರ ಸರೋವರದ ದಡದಲ್ಲಿ ಹಳೆಯ ಕಾರುಗಳ ಮೇಳ. ಅದರಲ್ಲಿ ಮೂಲ ಬಣ್ಣ ಉಳಿಸಿಕೊಂಡ ಕಾರುಗಳಿಗೆ ಬೇರೆಯದೇ ಸ್ಪರ್ಧೆ. ಪಕ್ಕದೂರಿನ ಟಿಂಕರಿಂಗ್ ಅಂಗಡಿಯವನು ಬಂದು ನೋಡಿ, "ಇದೇನ್ ಮಹಾ! ತಟ್ಟಿ, ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದ್ರೆ ನಾಳೆ ಸಂಜೆಗೆ ಹೊಚ್ಚ ಹೊಸದು," ಅಂದ. ಡೆಲ್ಫೊ ಅವನನ್ನು ಬಾಗಿಲ ತನಕವೂ ಬೀಳ್ಕೊಡಲಿಲ್ಲ. ಹೊಚ್ಚ ಹೊಸದು ಮಾಡುತ್ತೇನೆ ಅನ್ನುವುದೇ ಅವನ ಕಿವಿಗೆ ಬೈಗುಳ.

ನಾನೇ ಅವನಿಗೆ ನಿವೆಸ್‌ಳ ವಿಷಯ ಹೇಳಿದ್ದು. ನಿವೆಸ್ ಜಾನೊಲ್ಲಾ ಉತ್ತರದ ಫ್ರಿಯುಲಿ ಕಡೆಯವಳು, ಬಣ್ಣ ಮುಟ್ಟದೆ ನೆಗ್ಗು ತೆಗೆಯುವುದು ಅವಳ ಕಸುಬು. ಎಲ್ಲಿ ಆಲಿಕಲ್ಲು ಬಿದ್ದು ಕಾರುಗಳು ನೆಗ್ಗುತ್ತವೋ ಅಲ್ಲಿಗೆ ತನ್ನ ವ್ಯಾನು ಓಡಿಸಿಕೊಂಡು ಹೋಗುತ್ತಾಳೆ. ಮಳೆಗೆ ಕಪ್ಪೆ ಕಾದ ಹಾಗೆ ಆಲಿಕಲ್ಲಿಗೆ ಕಾಯುತ್ತಾಳೆ. ಆ ವಾರ ಪೆರುಜಾದಲ್ಲಿ ಒಬ್ಬ ಕಾರು ವ್ಯಾಪಾರಿಯ ಅಂಗಳದಲ್ಲಿ ಕೆಲಸದಲ್ಲಿದ್ದಳು, ಮಂಗಳವಾರ ಬೆಳಿಗ್ಗೆ ಕಾಫಿಗೆ ನನ್ನ ಅಂಗಡಿಗೂ ಬಂದು ಹೋಗಿದ್ದಳು.

ಬುಧವಾರ ಬೆಳಿಗ್ಗೆ ಬಂದಳು. ಅಗಲ ಭುಜ, ಚಿಕ್ಕದಾಗಿ ಕತ್ತರಿಸಿದ ಕೂದಲು, ಬಾಯಲ್ಲಿ ಸದಾ ಏನಾದರೂ ತಿಂಡಿ. ಚೌಕದಲ್ಲಿ ನಿಂತಿದ್ದ ಫಿಯೆಟ್ಟಿನ ಸುತ್ತ ಒಂದು ಸುತ್ತು ಬಂದು, ನೆಗ್ಗಿನ ಮುಂದೆ ಗೆರೆಗೆರೆ ಬೆಳಕಿನ ಒಂದು ಹಲಗೆ ನಿಲ್ಲಿಸಿದಳು. ಸರಿ ಇರುವ ತಗಡಿನಲ್ಲಿ ಗೆರೆಗಳು ನೆಟ್ಟಗೆ ಕಂಡವು. ನೆಗ್ಗಿದ್ದ ಕಡೆ ಮಾತ್ರ ಮದುವೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಒಂದೊಂದು ಒಂದೊಂದು ದಿಕ್ಕಿಗೆ ಮುಖ ತಿರುಗಿಸಿಕೊಂಡಿದ್ದವು.

"ಏನ್ ಬಡೀತು ಯಜಮಾನ್ರೇ ಇದಕ್ಕೆ? ಆಲಿಕಲ್ಲಂತೂ ಅಲ್ಲ."

"ಚೀಸು," ಅಂದ ಡೆಲ್ಫೊ, ನೆಲ ನೋಡುತ್ತ.

ನಿವೆಸ್ ಅಗಿಯುವುದನ್ನು ನಿಲ್ಲಿಸಿದಳು. "ಹೋತ ಗುದ್ದಿದ್ದು ತೆಗ್ದಿದೀನಿ. ಬಿಷಪ್ಪರ ಮೊಣಕೈ ಬಡಿದಿದ್ದೂ ತೆಗ್ದಿದೀನಿ. ಚೀಸು ಇದೇ ಮೊದಲು. ಹಳೇದೋ ತಾಜಾನೋ?"

"ಹಳೇದು. ಕುರಿಹಾಲಿಂದು."

"ಅದಕ್ಕೇ." ಅವಳು ಗಂಭೀರವಾಗಿ ತಲೆಯಾಡಿಸಿದಳು. "ತಗಡಿಗೆ ತನ್ನ ಮೊದಲಿನ ಆಕಾರ ಮರ್ತಿರಲ್ಲ ಯಜಮಾನ್ರೇ. ಒಳಗಿಂದ ಕಡ್ಡಿ ತೂರಿಸಿ, ಪುಸಲಾಯಿಸಿ, ಚೂರು ಚೂರೇ ತಳ್ಳಿದ್ರೆ ವಾಪಸ್ ಬರುತ್ತೆ. ತೊಂದರೆ ಇರೋದು ಬಣ್ಣದಲ್ಲಿ. ಇದು ಅಜ್ಜಿ ಚರ್ಮ ಇದ್ದ ಹಾಗೆ. ಈ ಚಳಿಗಾಳೀಲಿ ತಳ್ಳಿದ್ರೆ ಟಪ್ ಅಂತ ಬಿರಿಯುತ್ತೆ. ನನ್ನ ಹತ್ರ ಇರೋ ಬಿಸಿಗಾಳಿ ಮಷೀನು ಹೊಸ ಕಾರಿಗೆ ಸರಿ, ಇದಕ್ಕೆ ಬೊಬ್ಬೆ ಎಬ್ಬಿಸಿಬಿಡುತ್ತೆ. ಹದವಾಗಿ, ಒಂದೇ ಸಮ, ಗಂಟೆಗಟ್ಟಲೆ ಬೆಚ್ಚಗೆ ಇಡೋ ಅಂಥದ್ದು ಏನಾದ್ರೂ ಬೇಕು."

ಸುತ್ತ ನಿಂತವರು ತಲೆಗೊಂದು ಸಲಹೆ ಕೊಟ್ಟರು. ಬ್ರೆಡ್ ಒಲೆ ಅಂದರು, ಕಂಬಳಿ ಅಂದರು, ಒಬ್ಬನಂತೂ ಹಸು ಕಟ್ಟಿ ಅಂದ. ನಿವೆಸ್ ಯಾರ ಮಾತಿಗೂ ಕಿವಿಗೊಡದೆ ಎದುರಿನ ಗಾಜಿನೊಳಗೆ ನೋಡುತ್ತಿದ್ದಳು. ಅಲ್ಲಿ ಎರ್ಸಿಲಿಯಾಳ ಪಾರ್ಲರಿನಲ್ಲಿ ಇಬ್ಬರು ಹೆಂಗಸರು ತಲೆಗೂದಲು ಒಣಗಿಸುವ ದೊಡ್ಡ ಟೋಪಿಗಳಡಿ ತಲೆ ಇಟ್ಟು ಸುಖವಾಗಿ ಪತ್ರಿಕೆ ಓದುತ್ತ ಕೂತಿದ್ದರು.

"ಅದೇ!" ಅಂದಳು ನಿವೆಸ್, ಬೆರಳು ಮಾಡಿ. "ಅದೇ ಬೇಕು ನನಗೆ."

ಡೆಲ್ಫೊನ ಮುಖ ನೋಡಬೇಕಿತ್ತು. ಹಲ್ಲು ಕೀಳಿಸಿಕೊಳ್ಳಲು ಹೋದವನಿಗೆ ವೈದ್ಯ ಹೆಂಡತಿಯ ಕಡೆಯ ನೆಂಟ ಅಂತ ಗೊತ್ತಾದ ಹಾಗಿತ್ತು.

ಎರ್ಸಿಲಿಯಾ ಕೈಯಲ್ಲಿ ಬಾಚಣಿಗೆ ಹಿಡಿದೇ ಹೊರಗೆ ಬಂದಳು. ವಿಷಯ ಕೇಳಿದಳು. ಕಾರನ್ನು ನೋಡಿದಳು, ಭಾವನನ್ನು ನೋಡಿದಳು. ಆಮೇಲೆ ಮೆಲ್ಲಗೆ ಹೋಗಿ ನೆಗ್ಗಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ಆಗಲ್ಲ."

"ಯಾಕೆ ಆಗಲ್ಲ?" ಡೆಲ್ಫೊ ಗದರಿದ. "ಮಾಡಿದವಳು ನೀನು!"

"ಅದಕ್ಕೇ ಆಗಲ್ಲ. ನನ್ನ ಎಸೆತಕ್ಕೆ ಇರೋ ಸಾಕ್ಷಿ ಇದೊಂದೇ. ಸಭೆ ಇರೋದು ಬರೋ ತಿಂಗಳು. ಅಷ್ಟರಲ್ಲಿ ಇದನ್ನ ನೆಟ್ಟಗೆ ಮಾಡ್ಸಿ, 'ಯಾವ ಚೀಸು, ಯಾವ ಬಾಗಿಲು' ಅಂತ ಕೇಳೋರು ನೀವು. ನಿಮ್ಮನ್ನ ನನಗೆ ಗೊತ್ತಿಲ್ವಾ ಭಾವಾ?"

ಪಾರ್ಲರಿನ ಒಳಗಿಂದ ಒಂದು ಧ್ವನಿ ಬಂತು: "ಬಿಡಬೇಡ ಎರ್ಸಿಲಿಯಾ!" ಅದು ಜೆಲ್ಸೊಮೀನಾ ಅಜ್ಜಿ. ಟೋಪಿಯ ಗುಂಯ್‌ಗುಡುವಿಕೆಯಲ್ಲೂ ಅವಳ ಕಿವಿ ಚೌಕದಲ್ಲೇ ಇರುತ್ತದೆ.

"ನಾನೇನು ಸುಳ್ಳು ಹೇಳೋನಾ?" ಡೆಲ್ಫೊ ಟೈ ಸಡಿಲ ಮಾಡಿದ.

"ಸುಳ್ಳು ಹೇಳಲ್ಲ. ನಿಯಮ ಹೇಳ್ತೀರಿ. ಅದು ಇನ್ನೂ ಕಷ್ಟ."

ನಿವೆಸ್ ಕೈಗಡಿಯಾರ ನೋಡಿಕೊಂಡಳು. "ನೋಡಿ, ನಿಮ್ಮ ಮನೆ ಜಗಳ ನನಗೆ ತುಂಬ ಇಷ್ಟ ಆಗ್ತಿದೆ. ಆದ್ರೆ ನನಗೆ ಇವತ್ತೊಂದೇ ದಿನ ಬಿಡುವು."

ಡೆಲ್ಫೊ ಕಾರಿನ ಕಡೆ ನೋಡಿದ. ಬೂದು ಬಾಗಿಲಿನ ಮೇಲೆ ಬೆಳಗಿನ ಬಿಸಿಲು ಬಿದ್ದು, ಎರ್ಸಿಲಿಯಾಳ ಬೆನ್ನ ಪಕ್ಕದಿಂದ ನೆಗ್ಗಿನ ಅಂಚು ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು. ಅವನು ಗಂಟಲು ಸರಿಪಡಿಸಿಕೊಂಡ. ಸಭೆಯಲ್ಲಿ ಮಾತಾಡುವ ಧ್ವನಿಯಲ್ಲಿ, ಚೌಕದಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಸಂಘದ ಅಧ್ಯಕ್ಷನಾಗಿ ಹೇಳ್ತಿದೀನಿ. ಕಾರು ಅಂಕಣದ ಬದೀಲಿ ಇತ್ತು. ಅಲ್ಲಿ ನಿಲ್ಲಿಸಿದ್ದು ನಾನೇ. ನೆರಳಿಗೆ. ಬಿಸಿಲಿಗೆ ಬಣ್ಣ ಮಾಸುತ್ತೆ ಅಂತ." ಸಡಿಲ ಮಾಡಿದ್ದ ಟೈಯನ್ನು ಮತ್ತೆ ಬಿಗಿ ಮಾಡಿಕೊಂಡ. "ಎಸೆತ ಲೆಕ್ಕಕ್ಕಿದೆ. ಎರ್ಸಿಲಿಯಾ ಗೆದ್ದಿದಾಳೆ."

"ಕೇಳಿಸ್ಲಿಲ್ಲ!" ಅಂದಳು ಒಳಗಿಂದ ಜೆಲ್ಸೊಮೀನಾ.

"ಗೆದ್ದಿದಾಳೆ ಅಂದೆ ಅಜ್ಜೀ! ಗೆದ್ದಿದಾಳೆ!"

ಚೌಕದಲ್ಲಿ ಚಪ್ಪಾಳೆ ಬಿತ್ತು. ನಾನು ಎಲ್ಲರಿಗೂ ಕಾಫಿ ಕೊಟ್ಟೆ. ನಿವೆಸ್ ಅದರ ಜೊತೆ ಎರಡು ಬನ್ನು ಕೇಳಿ ತೆಗೆದುಕೊಂಡಳು.

ಪಾರ್ಲರಿನ ಹಿಂದೆ ಹಳೆಯ ಕುದುರೆ ಲಾಯವಿದೆ, ಎರ್ಸಿಲಿಯಾ ಅಲ್ಲಿ ಟವೆಲ್ಲು ಒಣಹಾಕುತ್ತಾಳೆ. ಕಮಾನಿನಡಿ ಕಾರು ತಳ್ಳಿ ಒಳಗೆ ಸೇರಿಸಿದೆವು. ಟೋಪಿಗಳಿಗೆ ಗಾಲಿಯ ಕಾಲುಗಳಿದ್ದವು. ಒಂದನ್ನು ಉರುಳಿಸಿಕೊಂಡು ಬಂದು ಬಾಗಿಲಿನ ಮುಂದೆ ಬಗ್ಗಿಸಿ ನಿಲ್ಲಿಸಿದರು. ಎರಡನೆಯದರ ಕೆಳಗೆ ಜೆಲ್ಸೊಮೀನಾ ಇದ್ದಳು. ಅವಳು ಟೋಪಿ ಬಿಟ್ಟುಕೊಡಲು ಒಪ್ಪಲಿಲ್ಲ. ಕಡೆಗೆ ಅಜ್ಜಿಯನ್ನೂ ಕುರ್ಚಿಯನ್ನೂ ಟೋಪಿಯನ್ನೂ ಹಾಗೇ ಲಾಯಕ್ಕೆ ತಂದು ಕಾರಿನ ಪಕ್ಕದಲ್ಲಿ ಕೂರಿಸಿದೆವು. ಅವಳ ತಲೆಯಿಂದ ಸೋರಿದ ಬಿಸಿಗಾಳಿ ಬಾಗಿಲಿನ ಅಂಚಿಗೆ ಸಾಕಾಯಿತು.

ನಿವೆಸ್ ಬಾಗಿಲಿನ ಹಿಡಿ ಬಿಚ್ಚಿ, ಒಳಗಿನ ಹೊದಿಕೆ ತೆಗೆದು, ಬಾಗಿದ ಒಂದು ಕಡ್ಡಿ ಆರಿಸಿ ಒಳಗೆ ತೂರಿಸಿದಳು. ಒಂದು ಕೈ ಕಡ್ಡಿಯ ಮೇಲೆ, ಕಣ್ಣು ಬೆಳಕಿನ ಗೆರೆಗಳ ಮೇಲೆ. ನೆಗ್ಗಿನ ನಡುವಿಗೆ ಕೈ ಹಾಕಲೇ ಇಲ್ಲ. ಅಂಚಿನಿಂದ ಶುರು ಮಾಡಿದಳು. ಒಂದು ಸಾರಿ ಒತ್ತಿದರೆ ಏನೂ ಆಗದ ಹಾಗೆ ಕಾಣುತ್ತಿತ್ತು. ನೂರು ಸಾರಿ ಒತ್ತಿದ ಮೇಲೆ ಒಂದು ಗೆರೆ ಕೂದಲೆಳೆಯಷ್ಟು ಸರಿದು ನೆಟ್ಟಗಾಗುತ್ತಿತ್ತು. ಎಲ್ಲಾದರೂ ಉಬ್ಬು ಎದ್ದರೆ ಹೊರಗಿನಿಂದ ಮೊಂಡು ಕಡ್ಡಿ ಇಟ್ಟು ಪುಟ್ಟ ಸುತ್ತಿಗೆಯಿಂದ ಟುಕ್ ಟುಕ್ ತಟ್ಟಿ ಕೂರಿಸುತ್ತಿದ್ದಳು. ಡೆಲ್ಫೊ ಪ್ರತಿ ಟುಕ್ಕಿಗೂ ಕಣ್ಣು ಮುಚ್ಚುತ್ತಿದ್ದ.

"ಯಜಮಾನ್ರೇ, ಹೊರಗೆ ಹೋಗ್ತೀರಾ?"

"ಇಲ್ಲ. ನಾನು ಮಾತಾಡ್ತಿಲ್ವಲ್ಲ."

"ಉಸಿರಾಡ್ತಿದೀರಲ್ಲ. ಜೋರಾಗಿ."

"ಇವನು ಹುಟ್ಟೋವಾಗ ಹೆರಿಗೆ ಕೋಣೇಲಿ ಇವನ ಅಪ್ಪನೂ ಹೀಗೇ ಇದ್ದ," ಅಂದಳು ಜೆಲ್ಸೊಮೀನಾ, ಪತ್ರಿಕೆಯಿಂದ ತಲೆ ಎತ್ತದೆ.

ಮಧ್ಯಾಹ್ನ ಎರ್ಸಿಲಿಯಾ ರೊಟ್ಟಿ, ಒಣಮಾಂಸ, ಬೇಯಿಸಿದ ಮೊಟ್ಟೆ ತಂದಳು. ಗಿರಾಕಿಗಳನ್ನು ನಾಳೆ ಬನ್ನಿ ಅಂತ ಕಳಿಸಿ, ತಾನೂ ಒಂದು ಬಕೆಟ್ಟು ಮಗುಚಿ ಹಾಕಿ ಕೂತಳು. ಟೋಪಿ ಗುಂಯ್ ಅನ್ನುತ್ತಿತ್ತು. ಲಾಯ ಬೆಚ್ಚಗಾಗಿತ್ತು. ಮೊಟ್ಟೆ ಕೈಯಲ್ಲಿ ಹಿಡಿದು ಕೂತಿದ್ದ ಡೆಲ್ಫೊ ಇದ್ದಕ್ಕಿದ್ದ ಹಾಗೆ ಅಂದ:

"ತಿರುವಿನಲ್ಲಿ ಮಣಿಕಟ್ಟು ತುಂಬ ಬೇಗ ಬಿಟ್ಟೆ ನೀನು. ಪಾಲ್ಮೀರಾ ಹಾಗೆ ಬಿಡ್ತಿರ್ಲಿಲ್ಲ."

ಎರ್ಸಿಲಿಯಾಳ ಕೈಯಲ್ಲಿದ್ದ ಮೊಟ್ಟೆ ಅರ್ಧಕ್ಕೇ ನಿಂತಿತು. "ಏನಂದ್ರಿ?"

"ಅವಳು ನಿನಗಿಂತ ದೂರ ಎಸೀತಿದ್ಳು."

"ನಿಮಗ್ಹೇಗೆ ಗೊತ್ತು? ನಾವಿಬ್ರೂ ಆಲಿವ್ ತೋಟದ ಹಿಂದಿನ ದಾರೀಲಿ, ಯಾರೂ ಇಲ್ಲದಾಗ ಮರದ ಗಾಲಿ ಉರುಳಿಸ್ತಿದ್ವಿ. ಅವಳೇ ನನಗೆ ಕಲಿಸಿದ್ದು."

"ಮೇಲಿನ ಕಟ್ಟೆಯಿಂದ ನೋಡ್ತಿದ್ದೆ. ಮರದ ಹಿಂದೆ ನಿಂತು." ಅವನು ಮೊಟ್ಟೆಯ ಸಿಪ್ಪೆಯನ್ನು ಚೂರು ಚೂರಾಗಿ ಬಿಡಿಸಿದ. "ಎಂಥಾ ತೋಳು ಅಂತೀಯ. ಗಾಲಿ ದಾರಿ ಬಿಟ್ಟು ಒಂದು ಅಂಗುಲ ಆಚೀಚೆ ಹೋಗ್ತಿರ್ಲಿಲ್ಲ."

"ಅಷ್ಟು ಗೊತ್ತಿದ್ದೂ ಅವಳನ್ನ ಪಂದ್ಯಕ್ಕೆ ಸೇರಿಸ್ಲಿಲ್ಲ ನೀವು."

"ಸೇರಿಸಿದ್ರೆ ಗೆಲ್ತಿದ್ಳು."

"ಗೆದ್ದಿದ್ರೆ ಏನಾಗ್ತಿತ್ತು?"

"ನಾನು ಸೋಲ್ತಿದ್ದೆ," ಅಂದ ಡೆಲ್ಫೊ.

ನಿವೆಸ್ ಕಡ್ಡಿ ಹಿಡಿದ ಕೈ ಹಾಗೇ ನಿಲ್ಲಿಸಿದಳು. ಜೆಲ್ಸೊಮೀನಾ ಪತ್ರಿಕೆ ಮಡಚಿ ಮಡಿಲಲ್ಲಿಟ್ಟಳು. ಎರ್ಸಿಲಿಯಾ ಭಾವನ ಮುಖ ನೋಡಿದಳು. ಬೈಯಲು ಬಾಯಿ ತೆರೆದಳು ಅಂತ ನನಗೆ ಅನ್ನಿಸಿತು. ಆದರೆ ಅವಳು ಎದ್ದು, ರೊಟ್ಟಿಯ ದೊಡ್ಡ ತುಂಡು ಮುರಿದು ಅವನ ಕೈಗಿಟ್ಟಳು.

"ತಿನ್ನಿ. ಸೋಮವಾರದಿಂದ ಏನೂ ತಿಂದಿಲ್ಲ ಅಂತ ಊರೆಲ್ಲ ಹೇಳ್ತಿದೆ. ಅವಳು ಇದ್ದಿದ್ರೆ ನನ್ನನ್ನೇ ಬೈತಿದ್ಳು, ನಿಮ್ಮನ್ನ ಉಪವಾಸ ಹಾಕಿದ್ದಕ್ಕೆ."

ಅವನು ತಿಂದ. ತಲೆ ತಗ್ಗಿಸಿಕೊಂಡು ತಿಂದ. ಅವನ ಟೈ ಮೇಲೆ ರೊಟ್ಟಿಯ ಪುಡಿ ಬಿದ್ದದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು.

ಸಂಜೆಯ ಹೊತ್ತಿಗೆ ಗೆರೆಗಳೆಲ್ಲ ಸಾಲಿಗೆ ಬಂದಿದ್ದವು, ಬಾಗಿಲಿನ ನಡುವೆ ಒಂದು ಉಗುರಿನಷ್ಟು ಜಾಗ ಬಿಟ್ಟು. ಅಲ್ಲಿ ಗೆರೆ ಇನ್ನೂ ಸಣ್ಣಗೆ ನಡುಗುತ್ತಿತ್ತು. ಚೀಸಿನ ಅಂಚು ನೇರ ಬಡಿದ ಜಾಗ ಅದು. ನಿವೆಸ್ ಕಡ್ಡಿ ಹೊರಗೆಳೆದು ಬೆವರು ಒರೆಸಿಕೊಂಡಳು.

"ಇನ್ನೊಂದು ಸಲ ತಳ್ಳಬಹುದು. ಬಂದ್ರೆ ಬಂತು, ನೆಗ್ಗೇ ಇರ್ಲಿಲ್ಲ ಅನ್ನೋ ಹಾಗಾಗುತ್ತೆ. ಬರದಿದ್ರೆ ಬಣ್ಣ ಬಿರಿಯುತ್ತೆ. ಈಗ ಹೀಗೇ ಬಿಟ್ರೆ, ನನ್ನ ದೀಪ ಇಲ್ದೆ ಯಾರಿಗೂ ಕಾಣಲ್ಲ. ನೀವು ಹೇಳಿ."

"ತಳ್ಳಿಸಿ ಭಾವಾ," ಅಂದಳು ಎರ್ಸಿಲಿಯಾ. "ನಿಮಗೆ ಅರ್ಧಂಬರ್ಧ ಆಗಲ್ಲ. ಆಮೇಲೆ ನಿದ್ದೆ ಬರಲ್ಲ ನಿಮಗೆ."

ಡೆಲ್ಫೊ ಬಾಗಿಲಿನ ಮೇಲೆ ಅಂಗೈ ಇಟ್ಟ. ತಗಡು ಬೆಚ್ಚಗಿತ್ತು. ಮೆಲ್ಲಗೆ ಸವರಿದ, ಕಣ್ಣು ಮುಚ್ಚಿ ಮತ್ತೆ ಸವರಿದ.

"ಬೇಡ," ಅಂದ. "ಸಾಕು. ಸುಸ್ತಾಗಿದಾಳೆ ಪಾಪ."

ಸುಸ್ತಾದದ್ದು ಕಾರೋ ನಿವೆಸ್ಸೋ ಯಾರಿಗೂ ತಿಳಿಯಲಿಲ್ಲ. ನಿವೆಸ್ ಮಾತ್ರ ಅದು ತನಗೇ ಅಂದುಕೊಂಡು, ಕೂಲಿಯ ಜೊತೆ ಉಳಿದ ಒಣಮಾಂಸವನ್ನೂ ಕಟ್ಟಿಸಿಕೊಂಡು, ಬೊಲೋನ್ಯಾದ ಕಡೆ ಮೋಡ ಕಟ್ಟುತ್ತಿದೆಯಂತೆ ಅಂತ ಖುಷಿಯಲ್ಲಿ ಹೊರಟಳು. ಜೆಲ್ಸೊಮೀನಾಳ ಕೂದಲು ಇಡೀ ದಿನ ಒಣಗಿ ಒಣಗಿ ಜೋಳದ ಕುಚ್ಚಿನ ಹಾಗಾಗಿತ್ತು. ಅವಳಿಗೆ ಅದರ ಚಿಂತೆ ಇರಲಿಲ್ಲ. ಇಂಥ ದಿನ ಇನ್ನೊಮ್ಮೆ ಸಿಕ್ಕೀತೇ ಅಂದಳು.

ಭಾನುವಾರ ಸರೋವರದ ಮೇಳಕ್ಕೆ ಡೆಲ್ಫೊ ನನ್ನನ್ನೂ ಎರ್ಸಿಲಿಯಾಳನ್ನೂ ಕರೆದುಕೊಂಡು ಹೋದ. ತೀರ್ಪುಗಾರರು ಬಣ್ಣದ ದಪ್ಪ ಅಳೆಯುವ ಯಂತ್ರವನ್ನು ಕಾರಿನ ಮೈಮೇಲೆಲ್ಲ ಇಟ್ಟು ನೋಡಿದರು. ಎಲ್ಲ ಕಡೆ ಒಂದೇ ಅಳತೆ. ಎರಡನೇ ಬಹುಮಾನ ಬಂತು. ಮೊದಲನೆಯದು ಗುಬ್ಬಿಯೊದ ಒಬ್ಬ ದಂತವೈದ್ಯನ ಕಾರಿಗೆ ಹೋಯಿತು. ಅದರ ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲವಂತೆ.

"ಅದು ಕಾರಲ್ಲ, ಫ್ರಿಜ್ಜು," ಅಂದಳು ಎರ್ಸಿಲಿಯಾ. ಡೆಲ್ಫೊ ನಕ್ಕ. ಸೋತು ನಗುವುದನ್ನು ಅವನು ಆ ವಾರ ಹೊಸದಾಗಿ ಕಲಿತಿದ್ದ.

ವಾಪಸು ಹೊರಟಾಗ ಅವನು ಕಾರಿನ ಬಾಗಿಲು ತೆಗೆದು ಸ್ಟಿಯರಿಂಗ್ ಇರುವ ಎಡ ಸೀಟಿನಲ್ಲಿ ಕೂರಲಿಲ್ಲ. ಕೀಲಿಯನ್ನು ಎರ್ಸಿಲಿಯಾಳ ಮುಂದೆ ಹಿಡಿದ. ಆ ಸ್ಟಿಯರಿಂಗನ್ನು ಅವನ ಅಪ್ಪನ ನಂತರ ಡೆಲ್ಫೊ ಬಿಟ್ಟು ಬೇರೆ ಯಾರೂ ಹಿಡಿದದ್ದು ನನಗೆ ಗೊತ್ತಿಲ್ಲ.

"ನಾನಾ? ಗೇರು ಸ್ಟಿಯರಿಂಗ್ ಪಕ್ಕದಲ್ಲಿದೆ ಭಾವಾ. ನನಗೆ ಅಭ್ಯಾಸ ಇಲ್ಲ."

"ಅಭ್ಯಾಸ ಆಗ್ಲಿ."

ದಾರಿಯುದ್ದಕ್ಕೂ ಗೇರು ಹಲ್ಲು ಕಡಿಯಿತು. ಡೆಲ್ಫೊ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ಬೀಗ ಹಾಕಿಕೊಂಡು, ಕಿಟಕಿಯಾಚೆಯ ದ್ರಾಕ್ಷಿ ಬಳ್ಳಿಗಳನ್ನು ನೋಡುತ್ತ ಕೂತ. ಅವನ ಹಣೆಯ ಮೇಲೆ ಬೆವರು ಮೂಡಿದ್ದು ಹಿಂದಿನ ಸೀಟಿನ ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ಊರ ಹೆಬ್ಬಾಗಿಲ ಮುಂದಿನ ಏರಿನಲ್ಲಿ ಎಂಜಿನ್ನು ಒಮ್ಮೆ ಕೆಮ್ಮಿ ನಿಂತೇಹೋಯಿತು. ಎರ್ಸಿಲಿಯಾ ಕೀಲಿ ತಿರುಗಿಸಿದಳು. ಹೊತ್ತಿತು, ಮತ್ತೆ ನಿಂತಿತು. ಹಿಂದೆ ಗಾಡಿಗಳು ಸಾಲುಗಟ್ಟಿ ಹಾರನ್ ಬಜಾಯಿಸತೊಡಗಿದವು. ಯಾರೋ ತಲೆ ಹೊರಹಾಕಿ, "ಆ ಡಬ್ಬಾನ ಬದಿಗೆ ತಳ್ರೋ!" ಅಂತ ಕೂಗಿದರು.

ಡೆಲ್ಫೊ ಬಾಗಿಲು ತೆಗೆದು ಇಳಿದ. ಟೈ ನೆಟ್ಟಗೆ ಮಾಡಿಕೊಂಡ. ರಸ್ತೆಯ ನಡುವೆ ನಿಂತು, ಎರಡೂ ಕೈ ಮೇಲೆತ್ತಿ, ಅಧ್ಯಕ್ಷನ ಧ್ವನಿಯಲ್ಲಿ ಇಡೀ ಸಾಲಿಗೆ ಕೇಳುವ ಹಾಗೆ ಕೂಗಿದ:

"ಕಾಯ್ರಿ ಸ್ವಲ್ಪ! ಕಾಣಲ್ವಾ, ಕಲೀತಿದಾಳೆ!"